ಬಿತ್ತಿ ನೋಡಿ, ಆಮೇಲೆ ಮಾತಾಡೋಣ

1932ರ ಚಳಿಗಾಲದಲ್ಲಿ ಅಮೆರಿಕದ ಅಯೋವಾ ರಾಜ್ಯದ ಎಷ್ಟೋ ರೈತರು ಮನೆ ಬೆಚ್ಚಗಿಡಲು ಒಲೆಗೆ ಮೆಕ್ಕೆಜೋಳ ಸುರಿದು ಉರಿಸಿದರು. ಒಂದು ಬುಷೆಲ್, ಅಂದರೆ ಸುಮಾರು 25 ಕಿಲೊ ಜೋಳಕ್ಕೆ ಪೇಟೆಯಲ್ಲಿ ಹತ್ತು ಸೆಂಟ್ ಹುಟ್ಟುವುದೇ ಕಷ್ಟವಾಗಿತ್ತು. ಅದನ್ನು ಮಾರಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಜೋಳವನ್ನೇ ಸುಡುವುದು ಅಗ್ಗವಾಗಿ ಕಂಡಿತು. ಅದೇ ಹೊತ್ತಿಗೆ ಷಿಕಾಗೊದಂಥ ನಗರಗಳಲ್ಲಿ ಕೆಲಸ ಕಳೆದುಕೊಂಡವರು ಒಂದು ಬಟ್ಟಲು ಸೂಪಿಗಾಗಿ ಬೀದಿಯಲ್ಲಿ ಸಾಲು ನಿಂತಿದ್ದರು. ಬೆಳೆದವನಿಗೂ ಇಲ್ಲ, ಉಣ್ಣಬೇಕಾದವನಿಗೂ ಇಲ್ಲ.

ಆ ವರ್ಷದ ಬೇಸಿಗೆಯಲ್ಲೇ ಮೈಲೊ ರೀನೊ ಎಂಬ ಮುಖಂಡನ ಹಿಂದೆ ಅಯೋವಾದ ರೈತರು 'ಫಾರ್ಮರ್ಸ್ ಹಾಲಿಡೇ' ಚಳವಳಿ ಹೂಡಿದ್ದರು. ಬ್ಯಾಂಕುಗಳಿಗೆ ರಜೆ ಇರುವುದಾದರೆ ರೈತನಿಗೂ ಒಂದು ರಜೆ ಇರಲಿ, ಬೆಲೆ ಬರುವವರೆಗೆ ಏನನ್ನೂ ಮಾರುವುದು ಬೇಡ ಎಂಬುದು ಅವರ ಪಟ್ಟು. ಸೂ ಸಿಟಿಗೆ ಹೋಗುವ ರಸ್ತೆಗಳಲ್ಲಿ ಗಾಡಿ ತಡೆದು ಹಾಲನ್ನು ಚರಂಡಿಗೆ ಸುರಿದರು. 1933ರ ಏಪ್ರಿಲಿನಲ್ಲಿ ಲೆಮಾರ್ಸ್ ಎಂಬ ಊರಿನಲ್ಲಿ ಜಮೀನು ಜಪ್ತಿಯ ಮೊಕದ್ದಮೆಗಳನ್ನು ನಡೆಸುತ್ತಿದ್ದ ನ್ಯಾಯಾಧೀಶರನ್ನು ಕೋರ್ಟಿನಿಂದ ಹೊರಗೆಳೆದು, ಕೊರಳಿಗೆ ಹಗ್ಗ ಹಾಕಿ, ಇನ್ನು ಮುಂದೆ ಜಪ್ತಿಯ ಆದೇಶ ಕೊಡುವುದಿಲ್ಲ ಎಂದು ಮಾತು ಕೊಡುವಂತೆ ಬೆದರಿಸಿದರು. ಪುಣ್ಯಕ್ಕೆ ಅವರ ಜೀವ ಉಳಿಯಿತು. ಮರ್ಯಾದೆಯಿಂದ ಬಾಳಿದ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಜನ ಈ ಮಟ್ಟಕ್ಕೆ ಬಂದಿದ್ದರು ಎಂದರೆ ಆ ವರ್ಷಗಳ ಬಿಸಿ ಎಷ್ಟಿತ್ತೆಂದು ಊಹಿಸಬಹುದು.

ಇಂಥ ಕಾಲದಲ್ಲಿ ಕೂನ್ ರಾಪಿಡ್ಸ್ ಎಂಬ ಪುಟ್ಟ ಊರಿನಲ್ಲಿ ಒಬ್ಬ ರೈತ ಮನೆಮನೆಗೂ ಹೋಗಿ ಹೊಸ ಬೀಜವೊಂದನ್ನು ಮಾರುತ್ತಿದ್ದರು. ಅದು ಇಳುವರಿ ಹೆಚ್ಚಿಸುವ ಬೀಜ. ಇದ್ದ ಬೆಳೆಯನ್ನೇ ಒಲೆಗೆ ಹಾಕುತ್ತಿದ್ದವರ ಮುಂದೆ ಇನ್ನೂ ಹೆಚ್ಚು ಬೆಳೆಯುವ ಮಾತು! ಆ ರೈತ ರೋಸ್‌ವೆಲ್ ಗಾರ್ಸ್ಟ್. ಊರವರ ಬಾಯಲ್ಲಿ ಬಾಬ್.

ಗಾರ್ಸ್ಟ್ ಹುಟ್ಟಿದ್ದು 1898ರಲ್ಲಿ. ತಂದೆ ಎಡ್ವರ್ಡ್‌ಗೆ ಕೂನ್ ರಾಪಿಡ್ಸ್‌ನಲ್ಲಿ ದಿನಸಿಯಿಂದ ಬಟ್ಟೆಯವರೆಗೆ ಎಲ್ಲ ಸಿಗುವ ಅಂಗಡಿ ಇತ್ತು. ಆ ವ್ಯಾಪಾರದಲ್ಲಿ ಪಾಲುದಾರರಾಗಿದ್ದ ತಂದೆಯ ಸೋದರ ವಾರನ್ ಗಾರ್ಸ್ಟ್ 1908ರಲ್ಲಿ ಕೆಲವು ವಾರಗಳ ಮಟ್ಟಿಗೆ ಅಯೋವಾದ ಗವರ್ನರ್ ಕೂಡ ಆಗಿದ್ದವರು. ಹೀಗಾಗಿ ಮನೆಯಲ್ಲಿ ಹೊಲದ ಮಾತಿಗೂ ರಾಜಕೀಯದ ಮಾತಿಗೂ ಬರವಿರಲಿಲ್ಲ. ರೋಸ್‌ವೆಲ್ ಒಂದೆರಡಲ್ಲ, ಹಲವು ಕಾಲೇಜುಗಳ ಮೆಟ್ಟಿಲು ಹತ್ತಿದರು, ಪದವಿ ಮಾತ್ರ ಪಡೆಯಲಿಲ್ಲ. ಎಲಿಜಬೆತ್ ಹೆನಕ್ ಅವರನ್ನು ಮದುವೆಯಾಗಿ ಕೂನ್ ರಾಪಿಡ್ಸ್‌ನ ಜಮೀನಿನಲ್ಲಿ ಒಕ್ಕಲುತನ ಹೂಡಿದರು. 1926ರಲ್ಲಿ ಸಂಸಾರ ಕಟ್ಟಿಕೊಂಡು ರಾಜಧಾನಿ ಡಿಮಾಯ್ನ್‌ಗೆ ಹೋಗಿ ಸೈಟು ಮಾರುವ ವ್ಯಾಪಾರಕ್ಕೆ ಕೈಹಾಕಿದರು. 1929ರಲ್ಲಿ ಷೇರುಪೇಟೆ ಕುಸಿದ ಮೇಲೆ ಸೈಟು ಕೊಳ್ಳುವವರಿಲ್ಲದೆ ಮರುವರ್ಷ ಮತ್ತೆ ಹೊಲಕ್ಕೇ ಮರಳಿದರು.

ಡಿಮಾಯ್ನ್‌ನಲ್ಲಿ ಕಳೆದ ಆ ನಾಲ್ಕು ವರ್ಷಗಳು ಹಣ ತರದಿದ್ದರೂ ಹೆನ್ರಿ ವ್ಯಾಲೆಸ್ ಎಂಬ ಗೆಳೆಯನನ್ನು ತಂದುಕೊಟ್ಟವು. ವ್ಯಾಲೆಸ್ ಮನೆತನದ್ದೇ ಒಂದು ಕೃಷಿ ಪತ್ರಿಕೆ. ಅದರ ಸಂಪಾದಕರಾಗಿದ್ದ ಹೆನ್ರಿ 1926ರಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಮಾರಲು ಒಂದು ಕಂಪನಿ ಶುರುಮಾಡಿದ್ದರು. ಅದೇ ಮುಂದೆ ಪಯೊನಿಯರ್ ಎಂದು ಜಗತ್ತಿಗೆ ಪರಿಚಿತವಾಯಿತು. ಊರಿಗೆ ಮರಳಿದ ಗಾರ್ಸ್ಟ್ ಆ ಬೀಜವನ್ನು ಬೆಳೆದು ಮಾರುವ ಹಕ್ಕು ಪಡೆದರು. ಚಾರ್ಲಿ ಥಾಮಸ್ ಎಂಬವರ ಜೊತೆ ಸೇರಿ ಗಾರ್ಸ್ಟ್ ಅಂಡ್ ಥಾಮಸ್ ಕಂಪನಿ ಕಟ್ಟಿದರು.

ಹೈಬ್ರಿಡ್ ಬೀಜ ತಯಾರಾಗುವ ಬಗೆ ರಾಣೆಬೆನ್ನೂರು, ಹಾವೇರಿ ಕಡೆಯ ಓದುಗರಿಗೆ ಹೊಸದಲ್ಲ. ನಮ್ಮಲ್ಲಿ ಗಂಗಾ, ಡೆಕ್ಕನ್ ಹೆಸರಿನ ಮೊದಲ ಹೈಬ್ರಿಡ್ ಮೆಕ್ಕೆಜೋಳಗಳು ಬಂದದ್ದು 1961ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲು ಕೂನ್ ರಾಪಿಡ್ಸ್‌ನಲ್ಲಿ ಈ ಕೆಲಸ ನಡೆಯುತ್ತಿತ್ತು. ಎರಡು ಬೇರೆ ಬೇರೆ ತಳಿಗಳನ್ನು ಅಕ್ಕಪಕ್ಕದ ಸಾಲುಗಳಲ್ಲಿ ಬಿತ್ತುತ್ತಾರೆ. ಹೆಣ್ಣು ಸಾಲೆಂದು ಗುರುತಿಸಿದ ಗಿಡಗಳ ತುದಿಯಲ್ಲಿ ಗಂಡು ಹೂವಿನ ಗೊಂಚಲು ಮೂಡುತ್ತಿದ್ದಂತೆ, ಅದು ಪರಾಗ ಉದುರಿಸುವ ಮೊದಲೇ, ಒಂದೊಂದು ಗಿಡವನ್ನೂ ಬಾಗಿಸಿ ಗೊಂಚಲನ್ನು ಕೈಯಿಂದ ಕಿತ್ತೆಸೆಯಬೇಕು. ಆಗ ತೆನೆಯ ರೇಷ್ಮೆಗೂದಲಿಗೆ ಪಕ್ಕದ ಸಾಲಿನ ಪರಾಗವಲ್ಲದೆ ಬೇರೆ ದಾರಿ ಇರುವುದಿಲ್ಲ. ಜುಲೈ ತಿಂಗಳ ಉರಿಬಿಸಿಲಲ್ಲಿ, ಆಳೆತ್ತರದ ಗಿಡಗಳ ನಡುವೆ, ಗರಿಯ ಅಲಗು ಮುಂಗೈ ಕೊಯ್ಯುತ್ತಿರುವಾಗ ಮಾಡುವ ಕೆಲಸ ಇದು. ಬೇಸಿಗೆ ರಜೆಯ ಶಾಲಾ ಮಕ್ಕಳು ಕೂಲಿಗೆ ಬರುತ್ತಿದ್ದರು. ಅಯೋವಾದಲ್ಲಿ ಹಲವು ತಲೆಮಾರುಗಳು ತಮ್ಮ ಮೊದಲ ಸಂಬಳ ಎಣಿಸಿಕೊಂಡದ್ದು ಹೀಗೆಯೇ.

ಬೀಜ ಮಾಡುವುದಕ್ಕಿಂತ ಅದನ್ನು ಮಾರುವುದು ಕಷ್ಟವಾಗಿತ್ತು. ಅಲ್ಲಿಯವರೆಗೆ ರೈತ ತನ್ನ ಕಣಜದಿಂದಲೇ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಡುತ್ತಿದ್ದ. ಪ್ರತಿ ವರ್ಷ ಕಾಸು ಕೊಟ್ಟು ಬೀಜ ತರುವುದೆಂದರೆ ಅವನಿಗೆ ಹುಚ್ಚುತನ. ಗಾರ್ಸ್ಟ್ ಅದಕ್ಕೊಂದು ಉಪಾಯ ಹೂಡಿದರು. ಈಗ ಕಾಸು ಬೇಡ, ನಿಮ್ಮ ಬೀಜದ ಪಕ್ಕದಲ್ಲೇ ಇದನ್ನೂ ಬಿತ್ತಿ, ಸುಗ್ಗಿಯಲ್ಲಿ ಎಷ್ಟು ಹೆಚ್ಚಿಗೆ ಬಂತೋ ಅದರಲ್ಲಿ ಅರ್ಧ ಕೊಡಿ ಎಂದರು. ಒಂದು ಸುಗ್ಗಿ ಕಂಡ ರೈತರು ಅರ್ಧ ಪಾಲು ಕೊಡುವುದಕ್ಕಿಂತ ಬೀಜದ ಬೆಲೆ ಕೊಡುವುದೇ ಮೇಲು ಎಂದು ತಾವಾಗಿಯೇ ಬಂದರು. ಮಾತಿನಲ್ಲಿ ಗಾರ್ಸ್ಟ್ ಅವರನ್ನು ಮೀರಿಸುವವರಿರಲಿಲ್ಲ. ದನಿ ದೊಡ್ಡದು, ಎದುರಿಗಿದ್ದವರ ಬಾಯಿ ಕಟ್ಟಿಸುವ ವೇಗ. ಆದರೆ ಕೊನೆಗೆ ತೀರ್ಪು ಕೊಡಬೇಕಾದದ್ದು ತನ್ನ ಮಾತಲ್ಲ, ಆ ರೈತನ ಸ್ವಂತ ಹೊಲ ಎಂಬುದನ್ನು ಅವರು ಎಂದೂ ಮರೆಯಲಿಲ್ಲ. ಅವರ ಬದುಕಿನ ದೊಡ್ಡ ಗುಟ್ಟು ಇದು ಎಂದು ನನಗನ್ನಿಸುತ್ತದೆ. ಮುಂದಿನದನ್ನೆಲ್ಲ ಇದೇ ಅಳತೆಗೋಲಿನಿಂದ ನೋಡಬೇಕು.

1934ರಲ್ಲಿ ಬರ ಬಂತು, 1936ರಲ್ಲಿ ಇನ್ನೂ ಕಠಿಣವಾಗಿ ಬಂತು. ಹಳೆಯ ತಳಿಯ ಗಿಡಗಳು ಬಾಡಿ ನೆಲಕ್ಕೊರಗಿದಾಗ ಪಕ್ಕದ ಸಾಲಿನ ಹೈಬ್ರಿಡ್ ನೆಟ್ಟಗೆ ನಿಂತಿತ್ತು. ಎವರೆಟ್ ರೋಜರ್ಸ್ ಹೆಸರನ್ನು ನಮ್ಮ ಸಂವಹನ ಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಹೊಸ ವಿಚಾರಗಳು ಸಮಾಜದಲ್ಲಿ ಹೇಗೆ ಹರಡುತ್ತವೆ ಎಂದು ಸಿದ್ಧಾಂತ ಕಟ್ಟಿದ ಆ ವಿದ್ವಾಂಸರು ಕೂನ್ ರಾಪಿಡ್ಸ್‌ಗೆ ಹತ್ತಿರದ ಕ್ಯಾರಲ್ ಊರಿನ ಕಡೆಯ ರೈತನ ಮಗ. ಅವರ ತಂದೆ ವರ್ಷಗಟ್ಟಲೆ ಹೈಬ್ರಿಡ್ ಬೀಜ ಮುಟ್ಟದೆ, 1936ರ ಬರದಲ್ಲಿ ನೆರೆಯವರ ಬೆಳೆ ಉಳಿದದ್ದನ್ನು ಕಂಡ ಮೇಲೆ ಮನಸ್ಸು ಬದಲಿಸಿದ್ದರು. ಪಕ್ಕದ ಗ್ರೀನ್ ಕೌಂಟಿಯ ಎರಡು ಊರುಗಳಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಮನೆಮನೆ ಸುತ್ತಿ ನಡೆಸಿದ ಅಧ್ಯಯನ 1943ರಲ್ಲಿ ಪ್ರಕಟವಾಯಿತು. ಅವರು ಲೆಕ್ಕಕ್ಕೆ ತೆಗೆದುಕೊಂಡ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ 1928ರಿಂದ 1941ರೊಳಗೆ ಹೈಬ್ರಿಡ್‌ಗೆ ಬದಲಾಗಿದ್ದರು. ಬೀಜದ ಸುದ್ದಿಯನ್ನು ಹೆಚ್ಚಿನವರು ಮೊದಲು ಕೇಳಿದ್ದು ಮಾರಾಟಗಾರರ ಬಾಯಿಂದ, ಆದರೆ ನಂಬಿದ್ದು ನೆರೆಯವರ ಮಾತನ್ನು. ಸುದ್ದಿ ಕೇಳಿದ ಮೇಲೂ ವರ್ಷಗಟ್ಟಲೆ ತಡೆದು, ಮೊದಲು ಒಂದಿಷ್ಟು ಜಾಗದಲ್ಲಿ ಬಿತ್ತಿ, ಕಣ್ಣಾರೆ ಕಂಡು, ಆಮೇಲೆ ಪೂರ್ತಿ ಹೊಲಕ್ಕೆ ತಂದಿದ್ದರು.

ಅತಿ ಬೆಳೆಯಿಂದಲೇ ಬೆಲೆ ಬಿದ್ದಿರುವಾಗ ಇನ್ನೂ ಹೆಚ್ಚು ಬೆಳೆಯುವುದೇಕೆ ಎಂಬ ಪ್ರಶ್ನೆ ಗಾರ್ಸ್ಟ್‌ಗೂ ಎದುರಾಗಿತ್ತು. 1933ರಲ್ಲಿ ವ್ಯಾಲೆಸ್ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದಲ್ಲಿ ಕೃಷಿ ಸಚಿವರಾದಾಗ ಗಾರ್ಸ್ಟ್ ಜೋಳ ಮತ್ತು ಹಂದಿ ಸಾಕಣೆಯ ರೈತರನ್ನು ಸಂಘಟಿಸುವ ಸಮಿತಿಗಳಲ್ಲಿ ಓಡಾಡಿದರು. ಬಿತ್ತನೆ ಕಡಿಮೆ ಮಾಡಿದವರಿಗೆ ಸರ್ಕಾರ ಹಣ ಕೊಟ್ಟಿತು, ಕಣಜದಲ್ಲಿಟ್ಟ ಜೋಳದ ಮೇಲೆ ಬುಷೆಲ್‌ಗೆ 45 ಸೆಂಟ್ ಸಾಲ ಕೊಟ್ಟಿತು. ರೈತರಿಗೆ ಉಸಿರು ಬಂತು. ಆದರೆ ಅದೇ ವರ್ಷ ಬೆಲೆ ಏರಿಸಲೆಂದು ಅರುವತ್ತು ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿದ್ದು ದೇಶದ ಮನಸ್ಸನ್ನು ಬಹುಕಾಲ ಕಾಡಿತು. ಕಡಿಮೆ ನೆಲದಲ್ಲಿ ಹೆಚ್ಚು ಬೆಳೆಯಬೇಕು, ಮಿಕ್ಕಿದ್ದನ್ನು ಸುಡದೆ, ಹೂಳದೆ, ಹಸಿದವರಿಗೆ ತಲುಪಿಸುವ ದಾರಿ ಹುಡುಕಬೇಕು ಎಂಬ ಹಟ ಗಾರ್ಸ್ಟ್ ಅವರಲ್ಲಿ ಬೇರೂರಿದ್ದು ಈ ವರ್ಷಗಳಲ್ಲಿ. ಅಣ್ಣ ಜೊನಾಥನ್ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ಕಡೆಯಿಂದ ವಲಸೆ ಬಂದ ನಿರ್ಗತಿಕ ರೈತರ ಶಿಬಿರಗಳನ್ನು ನೋಡಿಕೊಳ್ಳುತ್ತಿದ್ದರು. ಹಸಿವಿಗೆ ಕಾರಣವಿಲ್ಲ ಎಂಬುದೇ ಅವರ ವಾದವಾಗಿತ್ತು, ಮುಂದೆ ಅದನ್ನೇ ಪುಸ್ತಕವಾಗಿ ಬರೆದರು.

ಎರಡನೇ ಮಹಾಯುದ್ಧ ಮುಗಿದಾಗ ಮದ್ದುಗುಂಡಿಗೆಂದು ಕಟ್ಟಿದ ಅಮೋನಿಯಾ ಕಾರ್ಖಾನೆಗಳು ಸಾರಜನಕ ಗೊಬ್ಬರಕ್ಕೆ ಹೊರಳಿದವು. ಗಾರ್ಸ್ಟ್ ಅದನ್ನು ಎರಡೂ ಕೈಯಿಂದ ಬಾಚಿಕೊಂಡರು. ಜೋಳದ ನಂತರ ಓಟ್ಸ್, ಆಮೇಲೆ ಹುಲ್ಲು ಎಂದು ಬೆಳೆ ಬದಲಿಸುತ್ತಿದ್ದ ಹಳೆಯ ಪದ್ಧತಿ ಬಿಟ್ಟು, ಗೊಬ್ಬರ ಕೊಟ್ಟು ವರ್ಷವೂ ಜೋಳವನ್ನೇ ಬೆಳೆಯಬಹುದೆಂದು ಸಾರಿದರು. ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡನ್ನು ಪುಡಿ ಮಾಡಿ, ಕಾಕಂಬಿ ಮತ್ತು ಯೂರಿಯಾ ಬೆರೆಸಿ ದನಗಳಿಗೆ ಹಾಕಿದರು. ಮನುಷ್ಯನ ಹೊಟ್ಟೆಗೆ ಬಾರದ ನಾರನ್ನು ದನದ ಹೊಟ್ಟೆ ಮಾಂಸವಾಗಿಸುತ್ತದೆ, ಅದನ್ನು ಎಸೆಯುವುದು ಪಾಪ ಎಂಬ ಭಾವ ಅವರದು. 1930ರ ದಶಕದವರೆಗೆ ಅಮೆರಿಕದಲ್ಲಿ ಎಕರೆಗೆ ಸರಾಸರಿ 25 ಬುಷೆಲ್ ಆಸುಪಾಸಿನಲ್ಲಿದ್ದ ಇಳುವರಿ 1960ರ ಹೊತ್ತಿಗೆ ಎರಡು ಪಟ್ಟು ದಾಟಿತು.

1955ರ ಜನವರಿಯಲ್ಲಿ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್ ತಮ್ಮ ದೇಶವೂ ಅಮೆರಿಕದಂತೆ ಮೆಕ್ಕೆಜೋಳ ಬೆಳೆದು ದನ, ಹಂದಿ ಸಾಕಬೇಕೆಂದು ಭಾಷಣ ಮಾಡಿದರು. ಅದನ್ನು ಓದಿದ ಡಿಮಾಯ್ನ್ ರಿಜಿಸ್ಟರ್ ಪತ್ರಿಕೆಯ ಲಾರೆನ್ ಸೋತ್ ಫೆಬ್ರವರಿಯಲ್ಲಿ ಒಂದು ಸಂಪಾದಕೀಯ ಬರೆದು, ಹಾಗಾದರೆ ಅಯೋವಾಕ್ಕೆ ಬನ್ನಿ, ಗುಟ್ಟೇನೂ ಇಲ್ಲದೆ ತೋರಿಸುತ್ತೇವೆ ಎಂದು ಕರೆದರು. ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಜನರನ್ನು ಬೆನ್ನಟ್ಟಿದ ಸೆನೆಟರ್ ಮೆಕಾರ್ಥಿಯ ಬೇಟೆ ನಿಂತು ತಿಂಗಳುಗಳಷ್ಟೇ ಆಗಿದ್ದ ಕಾಲ. ಕಮ್ಯುನಿಸ್ಟರ ಕೈಕುಲುಕುವುದಕ್ಕೂ ಧೈರ್ಯ ಬೇಕಿತ್ತು. ಆ ಸಂಪಾದಕೀಯಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅದಕ್ಕಿಂತ ದೊಡ್ಡ ವಿಷಯವೆಂದರೆ ಜುಲೈಯಲ್ಲಿ ಸೋವಿಯತ್ ಕೃಷಿ ನಿಯೋಗ ನಿಜವಾಗಿಯೂ ಬಂದಿಳಿಯಿತು. ಅವರು ನೋಡಬೇಕಾದ ಹೊಲಗಳ ಅಧಿಕೃತ ಪಟ್ಟಿಯಲ್ಲಿ ಗಾರ್ಸ್ಟ್ ಹೆಸರಿರಲಿಲ್ಲ. ಗಾರ್ಸ್ಟ್ ತಾವೇ ಹೋಗಿ ನಿಯೋಗದ ಮುಖ್ಯಸ್ಥ ವ್ಲಾದಿಮಿರ್ ಮಾತ್ಸ್‌ಕೇವಿಚ್ ಅವರನ್ನು ಒಪ್ಪಿಸಿ ತಮ್ಮಲ್ಲಿಗೆ ಕರೆತಂದರು.

ಆ ಶರತ್ಕಾಲದಲ್ಲಿ ಗಾರ್ಸ್ಟ್ ಸೋವಿಯತ್ ನಾಡಿಗೂ ರುಮೇನಿಯಾಕ್ಕೂ ಹೋದರು. ಅಕ್ಟೋಬರಿನಲ್ಲಿ ಕ್ರುಶ್ಚೇವ್ ಎದುರು ಕೂತು ಬೀಜ, ಗೊಬ್ಬರ, ಯಂತ್ರಗಳ ವಿಷಯ ಮಾತಾಡಿದರು. ಇಬ್ಬರೂ ಬಿಚ್ಚುಮಾತಿನವರು, ಇಬ್ಬರಿಗೂ ಹೊಲದ ನೆನಪು ಮೈಗಂಟಿತ್ತು. ಹಾಗಾಗಿ ಮಾತು ಕುದುರಿತು, ವ್ಯಾಪಾರವೂ ಕುದುರಿತು: 5,000 ಟನ್ ಹೈಬ್ರಿಡ್ ಬೀಜ. (ಅದಾದ ತಿಂಗಳೊಪ್ಪತ್ತಿನಲ್ಲೇ ಸೋವಿಯತ್ ಪ್ರಧಾನಿ ಬುಲ್ಗಾನಿನ್ ಜೊತೆ ಭಾರತಕ್ಕೆ ಬಂದ ಕ್ರುಶ್ಚೇವ್ ಬೆಂಗಳೂರನ್ನೂ ನೋಡಿಹೋದರು.) ಶತ್ರು ದೇಶಕ್ಕೆ ಬೀಜ ಮಾರುವುದೇ ಎಂದು ಕೇಳಿದವರಿಗೆ ಗಾರ್ಸ್ಟ್ ಕೊಡುತ್ತಿದ್ದ ಉತ್ತರದ ಸಾರ ಇಷ್ಟೇ: ಹಸಿದವನು ಅಪಾಯಕಾರಿ, ಅದರಲ್ಲೂ ಅಣುಬಾಂಬ್ ಇಟ್ಟುಕೊಂಡ ಹಸಿದವನು. ಈ ಮಾತಿನಲ್ಲಿ ವ್ಯಾಪಾರಿಯ ಲಾಭವೂ ಇತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಶಸ್ತ್ರಾಸ್ತ್ರಕ್ಕೆ ಸುರಿಯುವ ಹಣ ಹೊಲಕ್ಕೆ ಬರಬೇಕೆಂದು ಎರಡೂ ಕಡೆಯ ದೊಡ್ಡವರಿಗೆ ವರ್ಷಗಟ್ಟಲೆ ಬರೆದ ಕಾಗದಗಳನ್ನು ಬರಿಯ ವ್ಯಾಪಾರವೆಂದು ನಾನು ಓದಲಾರೆ.

1959ರ ಮೊದಲಲ್ಲಿ ಎಲಿಜಬೆತ್ ಕೂಡ ಗಂಡನ ಜೊತೆ ಹೋಗಿ ಕ್ರುಶ್ಚೇವ್ ದಂಪತಿಯ ಅತಿಥಿಯಾದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಬಂದ ಮೊದಲ ಸೋವಿಯತ್ ನಾಯಕ ಎನಿಸಿಕೊಂಡ ಕ್ರುಶ್ಚೇವ್, ತಮ್ಮ ಪ್ರವಾಸದಲ್ಲಿ ಕೂನ್ ರಾಪಿಡ್ಸ್ ಇರಲೇಬೇಕೆಂದರು. 23ರಂದು ಆ ಸಣ್ಣ ಊರಿಗೆ ಪೊಲೀಸರು, ರಾಜತಾಂತ್ರಿಕರು, ನೂರಾರು ಪತ್ರಕರ್ತರು ಒಮ್ಮೆಲೇ ನುಗ್ಗಿದರು. ಗಾರ್ಸ್ಟ್ ಅತಿಥಿಗೆ ರಸಮೇವಿನ ಗುಂಡಿ ತೋರಿಸಬೇಕು, ದನಗಳ ಕೊಟ್ಟಿಗೆ ತೋರಿಸಬೇಕು. ಆದರೆ ಕ್ಯಾಮೆರಾ ಹಿಡಿದವರ ಗೋಡೆ ಕಟ್ಟಿತ್ತು. ಸರಿಯಿರೆಂದು ಕೂಗಿದರು, ಕೇಳುವವರಿಲ್ಲ. ಕೊನೆಗೆ ಹುಳಿವಾಸನೆಯ ಹಸಿಮೇವನ್ನೇ ಬೊಗಸೆಯಲ್ಲಿ ಎತ್ತಿ ಪತ್ರಕರ್ತರ ಮೇಲೆ ಎರಚಿದರು. ದಾರಿಗಡ್ಡವಾಗಿದ್ದ ನ್ಯೂಯಾರ್ಕ್ ಟೈಮ್ಸ್‌ನ ಹ್ಯಾರಿಸನ್ ಸಾಲಿಸ್‌ಬರಿ ಅವರ ಮೊಣಕಾಲ ಕೆಳಗೆ ಒದ್ದೂ ಬಿಟ್ಟರು. ಕ್ರುಶ್ಚೇವ್ ನಗುತ್ತ ನಿಂತಿದ್ದರು. ಮೇವು ಎರಚುತ್ತಿರುವ ರೈತನ ಆ ಚಿತ್ರ ಜಗತ್ತಿನಾದ್ಯಂತ ಅಚ್ಚಾಯಿತು. ಅಧ್ಯಕ್ಷ ಐಸೆನ್‌ಹೋವರ್ ಪರವಾಗಿ ಜೊತೆಗಿದ್ದ ಹೆನ್ರಿ ಕ್ಯಾಬಟ್ ಲಾಜ್, ಎರಡು ಬಾರಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ಅಡ್ಲೈ ಸ್ಟೀವನ್‌ಸನ್ ಎಲ್ಲರೂ ಅಂದು ಮಧ್ಯಾಹ್ನ ಗಾರ್ಸ್ಟ್ ಮನೆಯ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಅಷ್ಟು ಜನರ ಊಟೋಪಚಾರ, ಕ್ರುಶ್ಚೇವ್ ಪತ್ನಿ ನೀನಾ ಪೆತ್ರೋವ್ನಾ ಮತ್ತು ಅವರ ಹೆಣ್ಣುಮಕ್ಕಳ ಉಪಚಾರ ಎಲ್ಲವೂ ಎಲಿಜಬೆತ್ ಹೆಗಲಿನದು. ಆ ದಿನದ ಇತಿಹಾಸ ಬರೆದವರೆಲ್ಲ ಮೇವು ಎರಚಿದ್ದನ್ನು ನೆನೆಯುತ್ತಾರೆ. ಬದ್ಧವೈರಿಗಳೆನಿಸಿದ ಎರಡು ದೇಶಗಳವರನ್ನು ಒಂದೇ ಅಂಗಳದಲ್ಲಿ ಕೂರಿಸಿ ಉಣಬಡಿಸಿದ ಆ ಹೆಂಗಸಿನ ಕೆಲಸ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸೋವಿಯತ್ ಹೊಲಗಳಲ್ಲಿ ಆದದ್ದು ಬೇರೆ ಕತೆ. 1953ರಲ್ಲಿ ಅಲ್ಲಿ ಸುಮಾರು 35 ಲಕ್ಷ ಹೆಕ್ಟೇರಿನಲ್ಲಿದ್ದ ಮೆಕ್ಕೆಜೋಳ 1962ಕ್ಕೆ ಸುಮಾರು 3 ಕೋಟಿ 70 ಲಕ್ಷ ಹೆಕ್ಟೇರಿಗೆ ಹಬ್ಬಿತು. ತೆನೆ ಬಲಿಯುವಷ್ಟು ಬಿಸಿಲಿಲ್ಲದ ಉತ್ತರದ ಸೀಮೆಗಳಲ್ಲೂ ಬಿತ್ತಿದರು. ಮೇಲಿನಿಂದ ಆಜ್ಞೆ ಬಂದಿತ್ತು, ಜಿಲ್ಲೆಯ ಅಧಿಕಾರಿಗೆ ಗುರಿ ಮುಟ್ಟಿಸುವ ಚಿಂತೆ. ಗೊಬ್ಬರವಿಲ್ಲ, ಯಂತ್ರ ಸಾಲದು, ನೆಲ ಹದವಿದೆಯೇ ಎಂದು ಕೇಳುವವರಿಲ್ಲ. ಒಮ್ಮೆ ಅಲ್ಲಿ ಹೊಲವೊಂದರಲ್ಲಿ ಗೊಬ್ಬರ ಹಾಕದೆ ಜೋಳ ಬಿತ್ತುತ್ತಿದ್ದುದನ್ನು ಕಂಡ ಗಾರ್ಸ್ಟ್ ಸಿಟ್ಟಿನಿಂದ ಕೂಗಾಡಿ ಬಿತ್ತನೆ ನಿಲ್ಲಿಸಿದ ಪ್ರಸಂಗವನ್ನು ಕ್ರುಶ್ಚೇವ್ ತಮ್ಮ ನೆನಪುಗಳಲ್ಲಿ ಮೆಚ್ಚಿಕೊಂಡೇ ಹೇಳಿದ್ದಾರೆ. ಆದರೆ ಗೊಬ್ಬರ ಒಂದೇ ಕೊರತೆಯಾಗಿರಲಿಲ್ಲ. ಗ್ರೀನ್ ಕೌಂಟಿಯ ರೈತ ಒಂದಿಷ್ಟು ಜಾಗದಲ್ಲಿ ಬಿತ್ತಿ, ನೆರೆಯವನನ್ನು ಕೇಳಿ, ವರ್ಷಗಟ್ಟಲೆ ಕಾದು ತಾನೇ ತೀರ್ಮಾನಿಸಿದ್ದ. ಉಕ್ರೇನಿನ, ರಷ್ಯದ ಸಾಮೂಹಿಕ ಹೊಲದ ರೈತನಿಗೆ ಆ ಅವಕಾಶವನ್ನು ಯಾರೂ ಕೊಡಲಿಲ್ಲ. ಗಾರ್ಸ್ಟ್ ಬೀಜವನ್ನು ಸಾಗರ ದಾಟಿಸಿದರು. ಬೀಜದ ಜೊತೆ ಅವರ ಊರಲ್ಲಿ ನಡೆದ 'ಬಿತ್ತಿ ನೋಡುವ' ಪದ್ಧತಿಯನ್ನು ದಾಟಿಸಲು ಯಾವ ವ್ಯಾಪಾರಿಗೂ ಸಾಧ್ಯವಿರಲಿಲ್ಲ. 1963ರಲ್ಲಿ ಬೆಳೆ ಕೈಕೊಟ್ಟು ಸೋವಿಯತ್ ಸರ್ಕಾರ ಹೊರದೇಶಗಳಿಂದ ಗೋಧಿ ಕೊಂಡಿತು. ಮರುವರ್ಷ ಅಕ್ಟೋಬರಿನಲ್ಲಿ ಕ್ರುಶ್ಚೇವ್ ಅಧಿಕಾರ ಕಳೆದುಕೊಂಡರು.

ಗಾರ್ಸ್ಟ್ ಅಷ್ಟಕ್ಕೇ ಕೈಚೆಲ್ಲಲಿಲ್ಲ. 1960ರ ದಶಕದಲ್ಲಿ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಸಬೇಕಾಯಿತು. ಜೀವಮಾನವೆಲ್ಲ ಮಾತಿನ ಬಲದಿಂದ ಬಾಳಿದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದ್ದೀತು? ಆದರೂ ಕಾಗದ ಬರೆಯುವುದು ನಿಲ್ಲಲಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್‌ನ ಸಣ್ಣ ರೈತರಿಗೆ ಬೀಜ, ಗೊಬ್ಬರ ತಲುಪಿಸುವ ಕೆಲಸಕ್ಕೂ ಕೈಹಾಕಿದರು. ವ್ಯವಹಾರದ ಭಾರ ಮಕ್ಕಳ ಕೈಗೆ ದಾಟಿತು. ರಷ್ಯದ ನಂಟನ್ನು ಅಳಿಯ ವರಸೆಯ ಜಾನ್ ಕ್ರಿಸ್ಟಲ್ ಮುಂದುವರಿಸಿದರು. ಕೂನ್ ರಾಪಿಡ್ಸ್‌ನಲ್ಲಿ ಬ್ಯಾಂಕ್ ನಡೆಸುತ್ತಿದ್ದ ಇವರು ಮತ್ತೆ ಮತ್ತೆ ಸೋವಿಯತ್ ಹೊಲಗಳನ್ನು ಸುತ್ತಿದರು, ಮಿಖಾಯಿಲ್ ಗೊರ್ಬಚೇವ್ ಪಕ್ಷದಲ್ಲಿ ಇನ್ನೂ ಕೃಷಿಯ ಹೊಣೆ ನೋಡಿಕೊಳ್ಳುತ್ತಿದ್ದಾಗಲೇ ಅವರನ್ನು ಭೇಟಿಯಾಗಿದ್ದರು. ರೋಸ್‌ವೆಲ್ ಗಾರ್ಸ್ಟ್ 1977ರ ನವೆಂಬರಿನಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಕಣ್ಮುಚ್ಚಿದ ಕೆಲವೇ ವರ್ಷಗಳಲ್ಲಿ ಅಯೋವಾ ಮತ್ತೊಂದು ಕೃಷಿ ಬಿಕ್ಕಟ್ಟಿಗೆ ಸಿಕ್ಕಿತು. 1985ರಲ್ಲಿ ಗಾರ್ಸ್ಟ್ ಹೆಸರಿನ ಬೀಜದ ಕಂಪನಿ ಬ್ರಿಟನ್ನಿನ ಐಸಿಐ ಎಂಬ ದೊಡ್ಡ ಕಂಪನಿಯ ಪಾಲಾಯಿತು, 2004ರಲ್ಲಿ ಸಿಂಜೆಂಟಾ ಎಂಬ ಇನ್ನೊಂದು ಕಂಪನಿಗೆ ಸೇರಿತು. 1935ರಲ್ಲಿ ಅಯೋವಾದಲ್ಲಿ 2 ಲಕ್ಷ 22 ಸಾವಿರದಷ್ಟಿದ್ದ ಕೃಷಿ ಹಿಡುವಳಿಗಳು ಈಗ 87 ಸಾವಿರದ ಆಸುಪಾಸಿಗೆ ಇಳಿದಿವೆ. ಒಬ್ಬನೇ ರೈತ ನೂರು ಜನರ ಕೆಲಸ ಮಾಡಬಲ್ಲ ಯಂತ್ರ, ಬೀಜ, ಗೊಬ್ಬರಗಳ ದಾರಿಯನ್ನು ಗಾರ್ಸ್ಟ್ ಹುರುಪಿನಿಂದ ತೆರೆದರು. ಆ ದಾರಿಯಲ್ಲೇ ಅವರ ನೆರೆಹೊರೆಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಹೊರಟವು. ಹಸಿವನ್ನು ಅಷ್ಟು ಹತ್ತಿರದಿಂದ ಕಂಡವರನ್ನು ಇದಕ್ಕಾಗಿ ದೂರಲು ನನಗೆ ಬಾಯಿ ಬರುವುದಿಲ್ಲ. ಆದರೆ ಇದನ್ನು ಬಿಟ್ಟು ಅವರ ಕತೆ ಹೇಳುವುದು ಸರಿಯಲ್ಲ.

ಗೊಬ್ಬರದ್ದೂ ಹಾಗೆಯೇ. ಅಯೋವಾದ ಹೊಲಗಳಿಂದ ಬಸಿದ ನೈಟ್ರೇಟ್ ರಕೂನ್ ನದಿಗೆ ಸೇರುತ್ತದೆ, ಡಿಮಾಯ್ನ್ ನಗರ ಕುಡಿಯುವುದು ಆ ನೀರನ್ನು. ಅದನ್ನು ಸೋಸಲೆಂದೇ ನಗರದ ನೀರು ಸರಬರಾಜು ಸಂಸ್ಥೆ 1990ರ ದಶಕದ ಮೊದಲಲ್ಲಿ ದುಬಾರಿ ಘಟಕ ಕಟ್ಟಿತು. 2015ರಲ್ಲಿ ನದಿಯ ಮೇಲ್ಭಾಗದ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ದಾವೆಯನ್ನೂ ಹೂಡಿತು, ಎರಡು ವರ್ಷಗಳ ನಂತರ ನ್ಯಾಯಾಲಯ ಅದನ್ನು ವಜಾ ಮಾಡಿತು. ಈ ನಡುವೆ ಗಾರ್ಸ್ಟ್ ಕುಟುಂಬ ಕೂನ್ ರಾಪಿಡ್ಸ್ ಬಳಿ, ರಕೂನ್‌ನ ನಡುಗವಲಿನ ದಂಡೆಯುದ್ದಕ್ಕೂ ಇದ್ದ ತನ್ನ ಭೂಮಿಯಲ್ಲಿ ಸುಮಾರು 5,500 ಎಕರೆಯನ್ನು 2004ರಿಂದಾಚೆಗೆ ವೈಟ್‌ರಾಕ್ ಕನ್ಸರ್ವೆನ್ಸಿ ಎಂಬ ಸಂಸ್ಥೆಗೆ ಒಪ್ಪಿಸಿತು. ಅಲ್ಲಿ ಓಕ್ ಮರಗಳ ಕಾಡನ್ನೂ ಮೂಲದ ಹುಲ್ಲುಗಾವಲನ್ನೂ ಮತ್ತೆ ಬೆಳೆಸುವ ಕೆಲಸ ನಡೆದಿದೆ. ಕ್ರುಶ್ಚೇವ್ ಬಂದಿದ್ದ ಮನೆ 2009ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿತು. ಅದೇ ವರ್ಷ, ಆ ಭೇಟಿಗೆ ಐವತ್ತು ತುಂಬಿದ ನೆನಪಿಗೆ ಊರವರು ಸಮಾರಂಭ ನಡೆಸಿದಾಗ, ಅಷ್ಟರಲ್ಲಿ ಅಮೆರಿಕದ ಪ್ರಜೆಯೇ ಆಗಿದ್ದ ಕ್ರುಶ್ಚೇವ್ ಅವರ ಮಗ ಸೆರ್ಗೈ ಕೂನ್ ರಾಪಿಡ್ಸ್‌ಗೆ ಬಂದಿದ್ದರು.